ಮೂರನೇ ಸುತ್ತು

ಮೊದಲ ಸುತ್ತಿಗೆ ಏನೂ ಇಲ್ಲ.
ಎರಡನೆಯದರಲ್ಲಿ ಕತ್ತಿನ ಹಿಂದೆ ಯಾರೋ
ಬಿಸಿ ಅಂಗೈ ಇಟ್ಟಂತೆ.
ಮೂರನೆಯದು, ಬೇವಿನ ಮರ ದಾಟಿ
ನೀರಿನ ಟ್ಯಾಂಕಿನ ತಿರುವಿಗೆ ಬರುವಾಗ
ತಲೆಯೊಳಗೆ ತಮಟೆ.
ಎದೆ ಹೊಡೆದಷ್ಟೇ ಸಲ,
ಒಂದೇಟೂ ಲೆಕ್ಕ ತಪ್ಪದೆ.

ಬಂಗಾರಪೇಟೆ, ಹೈಸ್ಕೂಲು ಮೈದಾನ,
ಬೆಳಿಗ್ಗೆ ಐದೂಮುಕ್ಕಾಲು.
ಗೋಡೆಯಾಚೆ ಮಾರಿಕುಪ್ಪಂ ರೈಲು ಕೂಗಿ ಹೋಗುತ್ತದೆ.
ಮಂಡಿಗೆ ಕೈ ಕೊಟ್ಟು ಬಗ್ಗಿದವನು
ಬಗ್ಗಿಯೇ ಇದ್ದೇನೆ.
ಕೊರಳಲ್ಲಿ ಸೀಟಿ ತೂಗುತ್ತದೆ, ಸುಮ್ಮನೆ.
ಇಪ್ಪತ್ತಾರು ವರ್ಷದ ಡ್ರಿಲ್ ಮೇಷ್ಟ್ರು ನಾನು.
ಓಡಿಸುವುದೇ ಕಸುಬು.

ಮೊದಲು ಹೆಂಡತಿಗೆ ಹೇಳಿದೆ. ಪಿತ್ತ, ಅಂದಳು,
ಹುಣಸೆಹಣ್ಣು ಬಿಡಿ. ಬಿಟ್ಟೆ.
ನಮ್ಮ ಕಡೆಯವನು ಹುಣಸೆ ಬಿಡುವುದೆಂದರೆ
ಅರ್ಧ ಊಟ ಬಿಟ್ಟ ಹಾಗೆ.
ಮೆಡಿಕಲ್ ಸ್ಟೋರಿನ ವೆಂಕಟಮುನಿ ಗ್ಯಾಸು ಎಂದ,
ಬಿಳೀದೊಂದು ಉದ್ದ ಗುಳಿಗೆ ಕೊಟ್ಟ.
ಕಣ್ಣಿನ ಡಾಕ್ಟರು ಅಕ್ಷರ ಓದಿಸಿದರು.
ಕೊನೇ ಸಾಲಿನ ತನಕ ಓದಿದೆ,
ಜಂಬದಿಂದ, ಒಂದೂ ತಪ್ಪಿಲ್ಲದೆ.
ಹಾಗಾದರೆ ನಿಮಗೇನೂ ಇಲ್ಲ, ಅಂದರು.
ತೋಳಿಗೆ ಪಟ್ಟಿ ಬಿಗಿದ ಇನ್ನೊಬ್ಬರು
ಚೀಟಿಯಿಂದ ಕತ್ತೆತ್ತದೆ ಕೇಳಿದರು:
ಐವತ್ತೆರಡಾಯಿತಲ್ಲ, ಇನ್ನೂ ಓಡುವುದೇಕೆ?

ಓಡುವುದೇಕೆ.
ಉತ್ತರಕ್ಕೆಂದು ಬಾಯಿ ತೆರೆದರೆ
ನಾಲಗೆಗೆ ಬಂದಿದ್ದು ಒಂದು ಹೆಸರು.

ಸುಗುಣ. ಒಂಬತ್ತನೇ ಬಿ. ಬೂದಿಕೋಟೆ ಬಸ್ಸಿನವಳು.
ಎಣ್ಣೆ ಜಡೆ, ಕಡ್ಡಿ ಕಾಲು,
ಎಂಟುನೂರು ಮೀಟರಿಗೆ ತಾಲ್ಲೂಕಿನಲ್ಲಿ ಎರಡನೆಯವಳು.
'ಸಾ, ಓಡ್ದಾಗ ಮಾತ್ರ ತಲೆ ಸಿಡೀತದೆ ಸಾ.
ನಿಂತ್ರೆ ಹೋಗ್ತದೆ.'
'ನಿಂತರೆ ಹೋಗುತ್ತಾ? ಭಾರಿ ಕಾಯಿಲೆ ಕಣಮ್ಮ!'
ಸಾಲಿಗೆ ಸಾಲೇ ನಕ್ಕಿತು.
ನಾನು ಸೀಟಿ ಊದಿದೆ. ಇನ್ನೊಂದು ಸುತ್ತು.
ಓಡಿದಳು.
ಟ್ಯಾಂಕಿನ ತಿರುವಿನಲ್ಲಿ ಎರಡೂ ಕೈಯಲ್ಲಿ ತಲೆ ಹಿಡಿದು,
ತುಂಬಿದ ಬಿಂದಿಗೆ ಹೊತ್ತವಳ ಹಾಗೆ,
ಓಡಿದಳು.
ಮುಂದಿನ ವಾರ ಆಟದ ಪೀರಿಯಡ್ಡಿಗೆ ಬರಲಿಲ್ಲ.
ಹಾಜರಿಯಲ್ಲಿ ಗೈರು ಹಾಕಿ, ಪಕ್ಕದಲ್ಲಿ
ಕೆಂಪು ಶಾಯಿಯಲ್ಲಿ ಬರೆದೆ: ನಾಟಕ.

ಕಡೆಗೆ ಕೋಲಾರದ ದೊಡ್ಡಾಸ್ಪತ್ರೆ.
ಉಂಗುರ, ಉಡುದಾರ, ಸೀಟಿ, ಎಲ್ಲ ಬಿಚ್ಚಿಸಿ
ಕೊಳವೆಯೊಳಕ್ಕೆ ತಳ್ಳಿದರು.
ಗಣಿಗೆ ಇಳಿಯುತ್ತಿದ್ದ ಸೋದರಮಾವ ಹೇಳುತ್ತಿದ್ದ:
ಒಳಗೆ ಹೋದ ಮೇಲೆ ಕಣ್ಣು ಮುಚ್ಚಬೇಡ,
ಕತ್ತಲು ಎರಡಾಗುತ್ತೆ.
ಬಿಟ್ಟುಕೊಂಡೇ ಮಲಗಿದ್ದೆ.
ಸುತ್ತ ಟಕಟಕ ಟಕಟಕ ಗುದ್ದು.
ನನ್ನ ತಲೆಯನ್ನೇ ಹೊರಗಿನಿಂದ ಕೇಳಿದ ಹಾಗಿತ್ತು.

ಡಾಕ್ಟರ್ ಫರ್ಹಾನಾ, ನನ್ನ ಮಗಳ ವಯಸ್ಸು,
ಪೆನ್ನು ಕೆಳಗಿಟ್ಟು ಕೇಳಿದಳು:
ಓಡಿದಾಗ ಮಾತ್ರವಾ ಸರ್?
ನಿಂತರೆ ಹೋಗುತ್ತಾ?
ಹೌದಮ್ಮ, ಅಂದೆ.
ಕಾದೆ.
ಯಾರೂ ನಗಲಿಲ್ಲ.

'ಚಿತ್ರದಲ್ಲಿ ಕೆಟ್ಟದ್ದೇನಿಲ್ಲ, ನಾಳಗಳು ಸರಿಯಿವೆ.
ಅದನ್ನು ಮೊದಲು ನೋಡಲೇಬೇಕಿತ್ತು.
ಈ ನೋವಿಗೆ ಹೆಸರಿದೆ ಸರ್. ಯಾಕೆ ಬರುತ್ತದೋ
ನಮಗೂ ಪೂರ್ತಿ ಗೊತ್ತಿಲ್ಲ.'
ಗೊತ್ತಿಲ್ಲ ಎಂದ ಮೊದಲ ಡಾಕ್ಟರು.
ಮೆಟ್ಟಿಲಿಳಿಯುವಾಗ ಯಾಕೋ ಹೊಟ್ಟೆ ತುಂಬಿದಂತಿತ್ತು.
ಗುಳಿಗೆ ಇದೆ ಜೇಬಿನಲ್ಲಿ. ಮೊದಲು ನಡೆಯಬೇಕಂತೆ,
ಮೈ ಕಾದ ಮೇಲೆ, ಮೆಲ್ಲಗೆ, ಓಟ.
ಇದನ್ನು ನನಗೆ ಇನ್ನೊಬ್ಬರು ಹೇಳಬೇಕಾಯಿತು.

ಹಳೇ ಹಾಜರಿ ಪುಸ್ತಕ ಹುಡುಕಿದೆ.
ಡಂಬೆಲ್ಸಿನ ಬೀರುವಿನಲ್ಲಿ ಗೆದ್ದಲು
ಎಂಟನೇ ತರಗತಿ ಮುಗಿಸಿ ಒಂಬತ್ತಕ್ಕೆ ಹತ್ತಿತ್ತು.
ಬೂದಿಕೋಟೆ ಬಸ್ಸಿನ ಕಂಡಕ್ಟರನ್ನು ಕೇಳಿದೆ.
'ಯಾವ ಸುಗುಣ ಸಾರ್?' ಅಂದ.

ಇವತ್ತು ಎಂಟನೇ ತರಗತಿಯ ಕೃಷ್ಣೋಜಿ
ಎರಡನೇ ಸುತ್ತಿಗೇ ಸಾಲು ಬಿಟ್ಟು ಬಂದ.
'ಸಾ, ತಲೆನೋವು.'
ಬಹುಶಃ ಸುಳ್ಳೇ. ಕಣ್ಣು ಕ್ಯಾಂಟೀನಿನ ಕಡೆ.
ಸೀಟಿ ತುಟಿಯ ತನಕ ಬಂದಿತ್ತು.
ಕೈ ಬಿಟ್ಟೆ.
ಬೇವಿನ ಕೆಳಗೆ ಕೂರಿಸಿ ಪಕ್ಕದಲ್ಲಿ ಕೂತು
'ಎಲ್ಲಿ? ಹಿಂದೆಯಾ, ಪಕ್ಕದಲ್ಲಾ?
ಬಡಿಯುತ್ತಾ, ಹಿಂಡುತ್ತಾ?' ಅಂದರೆ
ಹುಡುಗ ತಬ್ಬಿಬ್ಬು. ಉತ್ತರ
ತಯಾರಿರಲಿಲ್ಲ ಪಾಪ.
ಯಾರೂ ಕೇಳಿರಲಿಲ್ಲವಲ್ಲ.